ಪಗಾರದ ಜಾಗಕ್ಕೆ ಚಾನೆಲ್: ಕನ್ನಡದಲ್ಲಿ ಕಂಪ್ಯೂಟರ್ ಕಲಿಸುವ ಕೆಲಸದ ಲೆಕ್ಕ

ಎಕ್ಸೆಲ್, ಟ್ಯಾಲಿ, ಕನ್ನಡ ಟೈಪಿಂಗ್ ಕಲಿಸುವ ವಿಡಿಯೋ ಮಾಡಿಕೊಂಡು ಹುಬ್ಬಳ್ಳಿಯಲ್ಲಿ ಸಂಸಾರ ತೂಗಿಸಬಹುದೇನ್ರಿ ಎಂದು ಕೇಳುವವರ ಮುಂದೆ ನಾನು ಮೊದಲು ಒಂದು ಗುಣಾಕಾರ ಇಡುತ್ತೇನೆ. ಸಾವಿರ ವೀಕ್ಷಣೆಗೆ ನಮ್ಮ ಕೈಗೆ ಬರುವ ಮೊತ್ತ ಆರ್‌ಪಿಎಂ. ಯೂಟ್ಯೂಬ್ ತನ್ನ ಪಾಲು ಕಳೆದ ಮೇಲಿನ ಅಂಕಿ ಅದು. ಉದ್ದ ವಿಡಿಯೋದ ಜಾಹೀರಾತಿನಲ್ಲಿ ನಮ್ಮ ಪಾಲು 55%, ಶಾರ್ಟ್ಸ್‌ನಲ್ಲಿ 45%. ಆರ್‌ಪಿಎಂ 40 ರೂಪಾಯಿ ಎಂದು ಹಿಡಿಯಿರಿ (ನಿಮ್ಮ ಅಂಕಿ ಬೇರೆ ಇದ್ದರೆ ಅದನ್ನೇ ಹಾಕಿ). ತಿಂಗಳಿಗೆ 50,000 ರೂಪಾಯಿ ಬೇಕೆಂದರೆ 12.5 ಲಕ್ಷ ವೀಕ್ಷಣೆ ಆಗಬೇಕು. 2011ರ ಜನಗಣತಿಯಲ್ಲಿ ಅವಳಿನಗರದ ಜನಸಂಖ್ಯೆ 9.43 ಲಕ್ಷ. ಆ ಲೆಕ್ಕಕ್ಕೆ ಹುಬ್ಬಳ್ಳಿ-ಧಾರವಾಡದ ಪ್ರತಿಯೊಬ್ಬರೂ, ತೊಟ್ಟಿಲ ಕೂಸೂ ಸೇರಿ, ತಿಂಗಳಿಗೊಮ್ಮೆ ನೋಡಿದರೂ ಸಾಲುವುದಿಲ್ಲ.

ಇದೇ 50,000ವನ್ನು ಇನ್ನೊಂದು ಕಡೆಯಿಂದ ನೋಡೋಣ. 999 ರೂಪಾಯಿಯ ಒಂದು ಕೋರ್ಸ್ ಇದೆ. ಪೇಮೆಂಟ್ ಗೇಟ್‌ವೇ ಸುಮಾರು 2% ಹಿಡಿಯುತ್ತದೆ, ಆ ಶುಲ್ಕದ ಮೇಲೆ 18% ಜಿಎಸ್‌ಟಿ. ಕೈಗೆ 975 ರೂಪಾಯಿ ಉಳಿಯುತ್ತದೆ. 52 ಜನ ಕೊಂಡರೆ ಲೆಕ್ಕ ಮುಟ್ಟಿತು. ಕನ್ನಡದಲ್ಲಿ ಕಲಿಸುವ ಚಾನೆಲ್ ನೌಕರಿಯ ಜಾಗ ತುಂಬುವುದು ಈ ಎರಡನೆಯ ಲೆಕ್ಕದಿಂದ. ಜಾಹೀರಾತಿನ ದುಡ್ಡು ಇಂಟರ್ನೆಟ್ಟು, ಕರೆಂಟು, ಎಡಿಟಿಂಗ್ ಖರ್ಚು ನೋಡಿಕೊಂಡರೆ ಸಾಕು ಎಂದೇ ನಾನು ಹಿಡಿಯುತ್ತೇನೆ. ಹಬ್ಬದ ಸೀಸನ್ನಿನಲ್ಲಿ ಏರುವ ಜಾಹೀರಾತು ದರ ಜನವರಿಯಲ್ಲಿ ಕುಸಿಯುತ್ತದೆ. ಡಿಸೆಂಬರ್ ನೋಡಿ ರಾಜೀನಾಮೆ ಬರೆದವರಿಗೆ ಫೆಬ್ರುವರಿ ಕಷ್ಟ.

ಜಾಹೀರಾತಿನ ದುಡ್ಡು ಶುರುವಾಗಲು ಮೊದಲ ಮೆಟ್ಟಿಲು 1,000 ಚಂದಾದಾರರು, ಹಿಂದಿನ 12 ತಿಂಗಳಲ್ಲಿ 4,000 ತಾಸು ವೀಕ್ಷಣೆ. ಸರಾಸರಿ ಒಬ್ಬರು ನಾಲ್ಕು ನಿಮಿಷ ನೋಡಿದರೆ 60,000 ವೀಕ್ಷಣೆಗೆ 4,000 ತಾಸು ಆಗುತ್ತದೆ. ಶಾರ್ಟ್ಸ್ ದಾರಿಯಲ್ಲಿ ಹೋಗುವವರಿಗೆ 90 ದಿನದಲ್ಲಿ 1 ಕೋಟಿ ವೀಕ್ಷಣೆ ಬೇಕು. ಕಲಿಸುವ ಚಾನೆಲ್ಲಿಗೆ ಆ ದಾರಿ ಬೇಡ. 40 ಸೆಕೆಂಡಿನ ಶಾರ್ಟ್ಸ್ ನೋಡಿ ಚಂದಾದಾರರಾದವರು ಹತ್ತು ನಿಮಿಷದ ಪಾಠಕ್ಕೆ ಕೂಡುವುದು ಕಡಿಮೆ.

ವಿಷಯದ ಆಯ್ಕೆಯಲ್ಲಿ ನನ್ನದು ಒಂದೇ ಪರೀಕ್ಷೆ: ಎರಡು ವರ್ಷದ ನಂತರವೂ ಇದನ್ನು ಯಾರಾದರೂ ಹುಡುಕುತ್ತಾರೆಯೇ? ಹೊಸ ಮೊಬೈಲಿನ ವಿಡಿಯೋ ಹದಿನೈದು ದಿನಕ್ಕೆ ಹಳತು. ‘ಈ ಹತ್ತು ಎಐ ಟೂಲ್ ನೋಡ್ರಿ’ ಎನ್ನುವುದಕ್ಕೆ ಅಷ್ಟೂ ಆಯುಷ್ಯವಿಲ್ಲ. ವಿ-ಲುಕಪ್ (ಒಂದು ಪಟ್ಟಿಯಲ್ಲಿ ಹುಡುಕಿ ಅದರ ಸಾಲಿನ ಅಂಕಿ ತರುವ ಎಕ್ಸೆಲ್ ಸೂತ್ರ), ಮೇಲ್ ಮರ್ಜ್ (ಒಂದೇ ಪತ್ರವನ್ನು ಹಲವರ ಹೆಸರಿಗೆ ತಯಾರಿಸುವುದು), ಯೂನಿಕೋಡ್ ಟೈಪಿಂಗ್ ವರ್ಷಗಟ್ಟಲೆ ಓಡುತ್ತವೆ. ನಮ್ಮ ಭಾಗದಲ್ಲಿ ನೋಡುಗರೂ ಗೊತ್ತಿರುವವರೇ. ಧಾರವಾಡದ ಸಪ್ತಾಪುರದ ಕೋಚಿಂಗ್ ಓಣಿಗಳಲ್ಲಿ ರೂಮು ಮಾಡಿಕೊಂಡು ಪಿಡಿಒ, ಎಫ್‌ಡಿಎ, ಎಸ್‌ಡಿಎ ಹುದ್ದೆಗಳ ಪರೀಕ್ಷೆಗೆ ಓದುವವರಿಗೆ ಕಂಪ್ಯೂಟರ್ ಜ್ಞಾನದ ಪ್ರಶ್ನೆಗಳು ಬೇಕು. 2012ರ ನಿಯಮದ ಪ್ರಕಾರ ಸರ್ಕಾರಿ ನೌಕರರು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗಬೇಕು; ಅವರಲ್ಲಿ ವಯಸ್ಸಾದವರು ಸಾವಕಾಶ ಹೇಳಿಕೊಡುವವರನ್ನೇ ಹುಡುಕುತ್ತಾರೆ. ಮೂರನೆಯವರು ಅಮರಗೋಳ ಎಪಿಎಂಸಿ, ಬ್ಯಾಡಗಿ ಮಾರುಕಟ್ಟೆ, ಗದಗಿನ ಅಂಗಡಿಗಳಲ್ಲಿ ಲೆಕ್ಕ ಬರೆಯುವ ಹುಡುಗರು. ದುಡ್ಡು ಕೊಟ್ಟು ಕಲಿಯುವವರಲ್ಲಿ ಇವರೇ ಮುಂದು. ಕಲಿತದ್ದು ಮರುದಿನವೇ ಕೆಲಸಕ್ಕೆ ಬರುತ್ತದಲ್ಲ.

ಜನ ಏನೆಂದು ಟೈಪ್ ಮಾಡಿ ಬಂದರು ಎಂಬುದು ಯೂಟ್ಯೂಬ್ ಸ್ಟುಡಿಯೋದ (ಚಾನೆಲ್ ನಡೆಸುವವರ ಪುಟ) ಅನಾಲಿಟಿಕ್ಸ್‌ನಲ್ಲಿ ಟ್ರಾಫಿಕ್ ಸೋರ್ಸ್ ಒಳಗಿನ ಯೂಟ್ಯೂಬ್ ಸರ್ಚ್ ತೆಗೆದರೆ ಪದಶಃ ಕಾಣುತ್ತದೆ. ಬಹಳಷ್ಟು ಕನ್ನಡಿಗರು ಹುಡುಕುವುದು ಇಂಗ್ಲಿಷ್ ಅಕ್ಷರದಲ್ಲಿ. ಶೀರ್ಷಿಕೆಯಲ್ಲಿ ಎರಡೂ ಲಿಪಿ ಇರಲಿ. ಮೊಬೈಲಿನಲ್ಲಿ ಕೊನೆ ಕತ್ತರಿಸಿ ಹೋಗುವುದರಿಂದ ಮುಖ್ಯ ಪದ ಮೊದಲಿಗೇ ಬರಲಿ.

ಒಂದು ಪಾಠ ಹೇಗೆ ಕಟ್ಟುತ್ತೇನೆ ಎಂಬುದಕ್ಕೆ ವಿ-ಲುಕಪ್ ತೆಗೆದುಕೊಳ್ಳೋಣ. ‘ಎಂಪ್ಲಾಯಿ ಐಡಿ, ಡಿಪಾರ್ಟ್‌ಮೆಂಟ್’ ಎಂಬ ಎಲ್ಲರ ಉದಾಹರಣೆ ಬೇಡ. ಬ್ಯಾಡಗಿ ಮೆಣಸಿನಕಾಯಿ ಟೆಂಡರಿನಲ್ಲಿ ಪ್ರತಿ ಲಾಟಿಗೂ (ಒಟ್ಟಿಗೆ ಮಾರುವ ರಾಶಿ) ಬೇರೆ ದರ. ಒಂದು ಶೀಟಿನಲ್ಲಿ ಲಾಟ್ ನಂಬರು ಮತ್ತು ಕ್ವಿಂಟಲಿನ ದರ. ಇನ್ನೊಂದರಲ್ಲಿ ಲಾಟ್ ನಂಬರು, ರೈತರ ಹೆಸರು, ಚೀಲ, ಕಿಲೋ ತೂಕ. ಲಾಟ್ ನಂಬರು ಹಿಡಿದು ದರವನ್ನು ಎರಡನೆಯ ಶೀಟಿಗೆ ಎಳೆದು ತರಬೇಕು, ತೂಕದಿಂದ ಗುಣಿಸಿ 100ರಿಂದ ಭಾಗಿಸಬೇಕು. ತೂಕ ಕಿಲೋದಲ್ಲಿ, ದರ ಕ್ವಿಂಟಲಿಗೆ ಇರುವುದರಿಂದ ಆ ಭಾಗಾಕಾರ ಬಿಟ್ಟರೆ ಪಟ್ಟಿ ನೂರು ಪಟ್ಟು ಉಬ್ಬುತ್ತದೆ. ಅದು ಕಣ್ಣಿಗೆ ಬೀಳುವ ತಪ್ಪು, ಹಾಗಾಗಿ ಅಪಾಯ ಕಡಿಮೆ. ಅಪಾಯ ಇರುವುದು ಸೂತ್ರದ ನಾಲ್ಕನೆಯ ಭಾಗದಲ್ಲಿ. ಅಲ್ಲಿ ಸೊನ್ನೆ ಅಥವಾ ಫಾಲ್ಸ್ ಹಾಕದೆ ಬಿಟ್ಟರೆ ಎಕ್ಸೆಲ್ ‘ಹತ್ತಿರದ್ದು’ ಹುಡುಕುತ್ತದೆ. ಲಾಟ್ ನಂಬರು ಏರಿಕೆ ಕ್ರಮದಲ್ಲಿ ಇಲ್ಲದಿದ್ದರೆ ಬೇರೆ ಯಾರದೋ ದರ ಬಂದು ಕೂಡುತ್ತದೆ, ಎರರ್ ಮಾತ್ರ ತೋರಿಸುವುದಿಲ್ಲ. ಇದನ್ನು ವಿಡಿಯೋದಲ್ಲಿ ಬೇಕೆಂತಲೇ ಮಾಡಿ ತೋರಿಸಬೇಕು. ಇನ್ನೊಂದು: ಬೇರೆ ಕಡೆಯಿಂದ ಕಾಪಿ ಮಾಡಿದ ಲಾಟ್ ನಂಬರು ಟೆಕ್ಸ್ಟ್ ಆಗಿ ಕೂತಿರುತ್ತದೆ. ಸೆಲ್ಲಿನ ಎಡ ಮೂಲೆಯಲ್ಲಿ ಹಸಿರು ತ್ರಿಕೋನ ಕಂಡರೆ ಅದೇ ಕಾರಣ. ಕಾಲಂ ಆಯ್ದು ಕನ್ವರ್ಟ್ ಟು ನಂಬರ್ ಒತ್ತಿದರೆ ಸರಿಹೋಗುತ್ತದೆ. ಕಮೆಂಟಿನಲ್ಲಿ ‘ಸರ್, ನಂದು ಎನ್ಎ ಬರಾಕತ್ತೈತ್ರಿ’ (ಹುಡುಕಿದ್ದು ಸಿಗಲಿಲ್ಲ ಎಂಬ ಎರರ್) ಎಂದು ಬಂದರೆ ಮೊದಲು ಇದನ್ನೇ ನೋಡಲು ಹೇಳುವುದು.

ಇದೇ ಕೆಲಸದ ಹೊಸ ಸೂತ್ರ ಎಕ್ಸ್-ಲುಕಪ್ ಸುಲಭ, ನಿಜ. ಆದರೆ ಅದು ಎಕ್ಸೆಲ್ 2021 ಮತ್ತು 365ರಲ್ಲಿದೆ, 2016, 2019ರಲ್ಲಿಲ್ಲ. ಅಂಗಡಿ, ಕಚೇರಿಗಳಲ್ಲಿ ಹಳೆಯ ಆವೃತ್ತಿಯೇ ಹೆಚ್ಚು. ಹಳೆಯದನ್ನು ಕಲಿಸಿ, ಹೊಸದನ್ನು ಕೊನೆಯ ಒಂದು ನಿಮಿಷದಲ್ಲಿ ತೋರಿಸಿದರೆ ಯಾರಿಗೂ ನಷ್ಟವಿಲ್ಲ.

ಮೊದಲ 20 ಸೆಕೆಂಡಿನಲ್ಲಿ ಮುಗಿದ ಶೀಟು ಕಾಣಬೇಕು. ಲೋಗೋ ತಿರುಗುವುದು, ‘ನಮಸ್ಕಾರ ಸ್ನೇಹಿತರೇ, ಇವತ್ತಿನ ವಿಡಿಯೋದಲ್ಲಿ’ ಎಂಬ ಪಲ್ಲವಿ, ಸಬ್‌ಸ್ಕ್ರೈಬ್ ಮಾಡಿ ಎಂಬ ಬೇಡಿಕೆ, ಇವು ಮೂರೂ ಮುಗಿಯುವಷ್ಟರಲ್ಲಿ ರಿಟೆನ್ಷನ್ ಗೆರೆ (ಇನ್ನೂ ಎಷ್ಟು ಜನ ನೋಡುತ್ತಿದ್ದಾರೆ ಎಂದು ತೋರಿಸುವುದು) ಕೆಳಗಿಳಿದಿರುತ್ತದೆ. ನಡುವೆ ಜಾಹೀರಾತು ಹಾಕಲು ವಿಡಿಯೋ 8 ನಿಮಿಷ ಇರಬೇಕು. ಐದು ನಿಮಿಷದ ವಿಷಯವನ್ನು ಅದಕ್ಕಾಗಿ ಎಳೆಯುವ ಬದಲು ಮೇಲೆ ಹೇಳಿದಂಥ ಎರಡು ತಪ್ಪುಗಳನ್ನು ಸೇರಿಸಿದರೆ ಎಂಟು ನಿಮಿಷ ತಾನಾಗಿಯೇ ತುಂಬುತ್ತದೆ.

ಸ್ಕ್ರೀನ್ ರೆಕಾರ್ಡಿಂಗಿಗೆ ಒಬಿಎಸ್ ಸ್ಟುಡಿಯೋ ಪುಕ್ಕಟೆ ಸಿಗುತ್ತದೆ, ಸಾಕು. 1920×1080, ಸೆಕೆಂಡಿಗೆ 30 ಫ್ರೇಮ್. ಫೈಲ್ ಮಾತ್ರ ಎಂಕೆವಿ ಆಗಿರಲಿ: ರೆಕಾರ್ಡಿಂಗ್ ನಡುವೆ ಕರೆಂಟ್ ಹೋದರೆ ಸಾಮಾನ್ಯ ಎಂಪಿ4 ತೆರೆಯುವುದೇ ಇಲ್ಲ, ಎಂಕೆವಿಯಲ್ಲಿ ಅಲ್ಲಿಯವರೆಗಿನದು ಉಳಿದಿರುತ್ತದೆ. ಮುಗಿದ ಮೇಲೆ ಒಬಿಎಸ್‌ನ ರೀಮಕ್ಸ್‌ನಲ್ಲಿ ಎಂಪಿ4 ಮಾಡಿಕೊಂಡರಾಯಿತು. ವಿಂಡೋಸ್ ಸ್ಕೇಲಿಂಗ್ 125%, ಎಕ್ಸೆಲ್ ಝೂಮ್ 150%ಕ್ಕಿಂತ ಮೇಲೆ. ಅಪ್‌ಲೋಡ್ ಮಾಡುವ ಮುಂಚೆ ಮೊಬೈಲಿನಲ್ಲಿ 360ಪಿ ಇಟ್ಟು ನೋಡಿ. ಸೆಲ್ಲಿನ ಅಂಕಿ ಓದಲಾಗದಿದ್ದರೆ ಬಸ್ಸಿನಲ್ಲಿ ಕೂತು ನೋಡುವವರಿಗೂ ಓದಲಾಗುವುದಿಲ್ಲ.

ಖರ್ಚು ಮಾಡುವುದಿದ್ದರೆ ಮೊದಲು ಧ್ವನಿಗೆ. ಫರಸಿ ನೆಲ, ಬರಿ ಗೋಡೆಯ ಕೋಣೆಯಲ್ಲಿ ಎಷ್ಟು ದುಬಾರಿ ಮೈಕೂ ಬಾವಿಯೊಳಗಿಂದ ಕೇಳಿದಂತೆ ಕೇಳುತ್ತದೆ. ಫೋಮ್ ತರಿಸುವ ಮುಂಚೆ ಮನೆಯಲ್ಲಿರುವ ಕೌದಿಗಳನ್ನು ತೆಗೆಯಿರಿ. ಮಾತಾಡುವವರ ಬೆನ್ನ ಹಿಂದೆ ಒಂದು ದಪ್ಪ ಕೌದಿ, ಪಕ್ಕದ ಗೋಡೆಗೆ ಒಂದು, ನೆಲಕ್ಕೆ ಜಮಖಾನ. ಕೌದಿ ಗೋಡೆಗೆ ಅಂಟಿಕೊಳ್ಳದೆ ನಾಲ್ಕು ಬೆರಳು ಅಂತರ ಬಿಟ್ಟು ತೂಗಿದರೆ ಇನ್ನೂ ಹೆಚ್ಚು ಹೀರುತ್ತದೆ. ಮೈಕು ಯುಎಸ್‌ಬಿ ಡೈನಾಮಿಕ್ ಆದರೆ ಒಳ್ಳೆಯದು, ಕಂಡೆನ್ಸರ್‌ಗಿಂತ ಬೀದಿಯ ಸದ್ದು ಕಡಿಮೆ ಹಿಡಿಯುತ್ತದೆ. ಬಾಯಿಂದ ನಾಲ್ಕೈದು ಬೆರಳು ದೂರ, ನೇರ ಎದುರಿಗೆ ಬೇಡ, ತುಸು ಓರೆ. ಪ, ಭ ಉಸಿರಿನ ಹೊಡೆತ ತಪ್ಪುತ್ತದೆ. ರೆಕಾರ್ಡಿಂಗ್ ಮಟ್ಟ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಕುಣಿಯಬೇಕು. ಎಡಿಟಿಂಗ್ ಮುಗಿದಾಗ ಒಟ್ಟಾರೆ ಧ್ವನಿಯ ಜೋರನ್ನು (ಅದರ ಅಳತೆ ಲಫ್ಸ್) ಮೈನಸ್ 14 ಲಫ್ಸ್‌ಗೆ ತನ್ನಿ. ಅದಕ್ಕಿಂತ ಜೋರಾದದ್ದನ್ನು ಯೂಟ್ಯೂಬ್ ತಗ್ಗಿಸುತ್ತದೆ, ಮೆಲ್ಲನೆಯದನ್ನು ಏರಿಸುವುದಿಲ್ಲ. ಏಪ್ರಿಲ್-ಮೇನಲ್ಲಿ ಫ್ಯಾನ್ ಆರಿಸಿ ಕೂಡುವುದು ಶಿಕ್ಷೆ. ಬೆಳಿಗ್ಗೆ ಐದರಿಂದ ಏಳರೊಳಗೆ ಧ್ವನಿ ಮುಗಿಸಿಬಿಡಬೇಕು.

ಮುಖ ತೋರಿಸುವುದಾದರೆ ಕ್ಯಾಮೆರಾದ ಶಟರ್ 1/50 ಅಥವಾ 1/100ಕ್ಕೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್. 1/60 ಇಟ್ಟರೆ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬೆಳಕು ವಿಡಿಯೋದಲ್ಲಿ ಮಿಣುಕುತ್ತದೆ.

ಕನ್ನಡ ಅಕ್ಷರ ಹಾಕುವಾಗ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುವುದು ಫಾಂಟಿನ ತಪ್ಪಲ್ಲ. ಪ್ರೀಮಿಯರ್ ಪ್ರೊದಲ್ಲಿ ಪ್ರಿಫರೆನ್ಸಸ್, ಗ್ರಾಫಿಕ್ಸ್‌ಗೆ ಹೋಗಿ ಟೆಕ್ಸ್ಟ್ ಎಂಜಿನ್ ಸೌತ್ ಏಷ್ಯನ್ ಇರುವುದಕ್ಕೆ ಬದಲಾಯಿಸಬೇಕು. ಬೇರೆ ಎಡಿಟರಿನಲ್ಲಿ ಹಟ ಮಾಡಿದರೆ ಇಂಕ್‌ಸ್ಕೇಪ್‌ನಲ್ಲಿ ಬರೆದು ಪಿಎನ್‌ಜಿ ತೆಗೆದು ತಂದು ಕೂರಿಸಿ. ಹಳೆಯ ‘ನುಡಿ’ ತಂತ್ರಾಂಶದ ಆಸ್ಕಿ (ಯೂನಿಕೋಡ್ ಅಲ್ಲದ) ಅಕ್ಷರವನ್ನು ಶೀರ್ಷಿಕೆ, ವಿವರಣೆಯಲ್ಲಿ ಅಂಟಿಸಿದರೆ ಗೊಂದಲದ ಚಿಹ್ನೆಗಳಷ್ಟೇ ಕಾಣುತ್ತವೆ, ಯೂನಿಕೋಡಿಗೆ ಪರಿವರ್ತಿಸಲೇಬೇಕು.

ಹತ್ತು ನಿಮಿಷದ ಗಟ್ಟಿ ಪಾಠಕ್ಕೆ ತಯಾರಿ, ರೆಕಾರ್ಡಿಂಗ್, ಎಡಿಟಿಂಗ್, ಥಂಬ್‌ನೇಲ್ ಸೇರಿ ಹತ್ತು-ಹನ್ನೆರಡು ತಾಸು ಬೇಕು. ನೌಕರಿ ಇಟ್ಟುಕೊಂಡು ವಾರಕ್ಕೊಂದು ಆಗುತ್ತದೆ. ನೌಕರಿ ಬಿಟ್ಟ ಮೇಲೂ ನಾನು ವಾರಕ್ಕೆ ಎರಡಕ್ಕೇ ನಿಲ್ಲಿಸುತ್ತೇನೆ. ಉಳಿದ ಸಮಯ ಕೋರ್ಸಿಗೆ, ರಾತ್ರಿ ಎಂಟರ ನಂತರದ ಲೈವ್ ಬ್ಯಾಚಿಗೆ, ರವಿವಾರದ ಸಂದೇಹ ಪರಿಹಾರಕ್ಕೆ. ಕೋರ್ಸಿನ ವಿಡಿಯೋ ಹೇಗೂ ಟೆಲಿಗ್ರಾಂಗೆ ಸೋರುತ್ತದೆ. ಸೋರದೆ ಉಳಿಯುವುದು ಅಭ್ಯಾಸದ ಫೈಲು ತಿದ್ದಿಕೊಡುವುದು ಮತ್ತು ಕೇಳಿದಾಗ ಉತ್ತರ ಸಿಗುವುದು. ಜನ ದುಡ್ಡು ಕೊಡುವುದೂ ಅದಕ್ಕೇ.

ಕಾಗದಪತ್ರದ್ದು ಬೇಸರದ ಕೆಲಸ, ತಡಮಾಡಿದರೆ ದುಡ್ಡು ನಿಲ್ಲುತ್ತದೆ. ಯೂಟ್ಯೂಬಿನ ದುಡ್ಡು ಬರುವುದು ಗೂಗಲ್‌ನ ಆಡ್‌ಸೆನ್ಸ್ ಖಾತೆಯ ಮೂಲಕ. ಆಡ್‌ಸೆನ್ಸ್‌ನಲ್ಲಿ ಗಳಿಕೆ 10 ಡಾಲರ್ ದಾಟಿದಾಗ ವಿಳಾಸ ಪರಿಶೀಲನೆಯ ಪಿನ್ ಸಾದಾ ಅಂಚೆಯಲ್ಲಿ ಬರುತ್ತದೆ. ಓಣಿಯ ಹೆಸರು, ಗುರುತಿನ ಗುಡಿ ಅಥವಾ ಶಾಲೆ ಹಾಕಿ, ಪೋಸ್ಟ್‌ಮನ್ ಗುರುತಿಸುವ ಹಾಗೆ ವಿಳಾಸ ಬರೆಯಿರಿ. ನಾಲ್ಕು ತಿಂಗಳೊಳಗೆ ಪಿನ್ ಹಾಕದಿದ್ದರೆ ಜಾಹೀರಾತು ನಿಲ್ಲುತ್ತದೆ. ಹೆಸರು ಪ್ಯಾನ್, ಬ್ಯಾಂಕು, ಆಡ್‌ಸೆನ್ಸ್ ಮೂರರಲ್ಲೂ ಒಂದೇ ಇರಲಿ. ಒಂದು ತಿಂಗಳ ಗಳಿಕೆ ಮುಂದಿನ ತಿಂಗಳ 21ರಿಂದ 26ರೊಳಗೆ ಹೊರಡುತ್ತದೆ, ಅದೂ 100 ಡಾಲರ್ ಮುಟ್ಟಿದ್ದರೆ. ಅಮೆರಿಕದ ತೆರಿಗೆಯ ಡಬ್ಲ್ಯೂ-8ಬೆನ್ ಫಾರಂ ತುಂಬದಿದ್ದರೆ ಒಟ್ಟು ಗಳಿಕೆಯ ಮೇಲೆ 24% ವರೆಗೆ ಕಡಿತವಾಗಬಹುದು. ತುಂಬಿ ಭಾರತ-ಅಮೆರಿಕ ತೆರಿಗೆ ಒಪ್ಪಂದದ ದರ ಕೇಳಿದರೆ ಅಮೆರಿಕದ ನೋಡುಗರಿಂದ ಬಂದದ್ದರ ಮೇಲೆ ಮಾತ್ರ 15%. ಕನ್ನಡ ಚಾನೆಲ್ಲಿಗೆ ಅದು ಚಿಲ್ಲರೆ.

ಜಿಎಸ್‌ಟಿಗೆ ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ಗಡಿ. ಕೋರ್ಸು, ಪ್ರಾಯೋಜಕತ್ವ, ಆಡ್‌ಸೆನ್ಸ್ ಮೂರೂ ಕೂಡಿಸಿ ಎಣಿಸಬೇಕು. ವಿದೇಶದಿಂದ ಬರುವುದಕ್ಕೆ ತೆರಿಗೆ ಇಲ್ಲವೆಂದು ಅದನ್ನು ಗಡಿಯ ಲೆಕ್ಕದಿಂದ ಬಿಡುವಂತಿಲ್ಲ. ಪ್ರಾಯೋಜಕರು ಸಾಮಾನ್ಯವಾಗಿ 10% ಟಿಡಿಎಸ್ ಹಿಡಿದು ಕೊಡುತ್ತಾರೆ. ಪ್ರಾಯೋಜಿತ ವಿಡಿಯೋಗೆ ಅಪ್‌ಲೋಡ್‌ನಲ್ಲಿ ಪೇಯ್ಡ್ ಪ್ರಮೋಷನ್ ಗುರುತು ಹಾಕಿ, ಬಾಯಲ್ಲೂ ಹೇಳಿ.

ರಾಜೀನಾಮೆಗೆ ನಾನಿಟ್ಟ ಷರತ್ತು ಇದು: ಹಿಂದಿನ 12 ತಿಂಗಳಲ್ಲಿ ಅತಿ ಕಡಿಮೆ ಗಳಿಕೆಯ ತಿಂಗಳು ಮನೆಖರ್ಚನ್ನು ಮುಟ್ಟಬೇಕು. ಸರಾಸರಿ ಲೆಕ್ಕಕ್ಕಿಲ್ಲ. ಅದರ ಮೇಲೆ ಆರು ತಿಂಗಳ ಖರ್ಚು ಠೇವಣಿಯಲ್ಲಿರಬೇಕು. ಕಂಪನಿಯ ಗುಂಪು ವಿಮೆ ಹೋಗುವುದರಿಂದ ಮನೆಯವರೆಲ್ಲರ ಆರೋಗ್ಯ ವಿಮೆಯನ್ನು ನೌಕರಿಯಲ್ಲಿ ಇದ್ದಾಗಲೇ ಕೊಳ್ಳಬೇಕು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಮೂರು ವರ್ಷದವರೆಗೂ ಇರುತ್ತದೆ. ಬಂದ ದುಡ್ಡೆಲ್ಲ ಒಂದು ಖಾತೆಗೆ, ಅಲ್ಲಿಂದ ಒಂದನೇ ತಾರೀಖಿಗೆ ನಿಗದಿ ಪಗಾರ ಮನೆ ಖಾತೆಗೆ. ಮುಂಗಡ ತೆರಿಗೆಯ ಪಾಲನ್ನು ಬಂದ ದಿನವೇ ಬೇರೆ ಎತ್ತಿಡಬೇಕು.

ಚಂದಾದಾರರು ಹೆಚ್ಚಿದಂತೆ ಪ್ರಾಯೋಜಕರ ಹೆಸರಿನಲ್ಲಿ ಕಳ್ಳ ಮೇಲ್ ಬರುತ್ತವೆ: ನಮ್ಮ ಸಾಫ್ಟ್‌ವೇರ್ ತೋರಿಸಿ, ಒಪ್ಪಂದ ಈ ಜಿಪ್ ಫೈಲಿನಲ್ಲಿದೆ ಎಂದು. ಒಳಗೆ ಪಿಡಿಎಫ್ ಚಿತ್ರ ಹೊತ್ತ ಎಸ್‌ಸಿಆರ್ ಅಥವಾ ಇಎಕ್ಸ್‌ಇ ಇರುತ್ತದೆ. ತೆರೆದರೆ ಬ್ರೌಸರಿನ ಲಾಗಿನ್ ಕುಕಿ (ನೀವು ಲಾಗಿನ್ ಆಗಿದ್ದನ್ನು ನೆನಪಿಡುವ ಗುರುತು) ಕದ್ದೊಯ್ಯುತ್ತದೆ. ಪಾಸ್‌ವರ್ಡ್, ಒಟಿಪಿ ಯಾವುದನ್ನೂ ಕೇಳದೆ ಚಾನೆಲ್ ಬೇರೆಯವರ ಕೈಗೆ ಹೋಗುತ್ತದೆ. ಪ್ರಾಯೋಜಕರ ಮೇಲ್‌ಗೆ ಬೇರೆ ಜಿಮೇಲ್ ಇಡಿ, ಅದನ್ನು ಮೊಬೈಲಿನಲ್ಲಿ ಮಾತ್ರ ತೆರೆಯಿರಿ. ಎಡಿಟಿಂಗಿಗೆ ಸಹಾಯಕರಿದ್ದರೆ ಪಾಸ್‌ವರ್ಡ್ ಕೊಡಬೇಡಿ, ಸ್ಟುಡಿಯೋದ ಪರ್ಮಿಷನ್ಸ್‌ನಲ್ಲಿ ಎಡಿಟರ್ ಹಕ್ಕು ಕೊಟ್ಟರೆ ಅವರ ಕೆಲಸ ನಡೆಯುತ್ತದೆ. ಎಲ್ಲ ವಿಡಿಯೋಗಳ ಮೂಲ ಫೈಲ್ ಎರಡು ಹಾರ್ಡ್‌ಡಿಸ್ಕಿನಲ್ಲಿರಲಿ, ಒಂದು ಬೇರೆ ಮನೆಯಲ್ಲಿ.