ಓದಿ ಹೇಳಿದ ಮೇಲೆ ಸಹಿ

ನಾನು ಬೀಡಿ ಕಟ್ಟುವವಳು. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನಲ್ಲಿ, ಬಸ್ಸಿನ ರಸ್ತೆಯಿಂದ ತುಂಬಾ ಒಳಗೆ, ಗುಡ್ಡದ ಬುಡದಲ್ಲಿ ನಮ್ಮ ಮನೆ. ಹದಿನಾಲ್ಕನೇ ವಯಸ್ಸಿನಲ್ಲಿ ಮಡಿಲಿಗೆ ಬಂದ ಬೀಡಿಯ ಗೆರಸೆ ಇನ್ನೂ ಇಳಿದಿಲ್ಲ. ಮನೆಯಲ್ಲಿ ತುಳು ಮಾತಾಡುತ್ತೇವೆ. ಕನ್ನಡ ಶಾಲೆಯಲ್ಲಿ ಎಂಟನೆಯವರೆಗೆ ಓದಿದ್ದೇನೆ. ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಅಂಗಡಿಯಲ್ಲಿ ಸಾಮಾನು ತರುವಷ್ಟು ಮಾತಾಡುತ್ತೇನೆ. ಓದಲು ಮಾತ್ರ ಬರುವುದಿಲ್ಲ. ಪಂಚಾಯತಿನ ಕೆಲಸಕ್ಕೆ ನಾನು ಇಳಿದದ್ದು ಇದೇ ಕಾರಣದಿಂದ.

ಗ್ರಾಮಸಭೆಗೆ ಮೊದಲೂ ಹೋಗುತ್ತಿದ್ದೆ. ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಕೂಟದ ನಾವು ಹೆಂಗಸರೆಲ್ಲ ಒಟ್ಟಿಗೆ ಹೊರಡುತ್ತಿದ್ದೆವು. ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದು, ಚಹಾ ಕುಡಿಯುವುದು, ಆಡಿನ ಅರ್ಜಿಯೋ ಮನೆ ದುರಸ್ತಿಯ ಅರ್ಜಿಯೋ ಇದ್ದರೆ ಕೊಡುವುದು, ಮನೆಗೆ ಬರುವುದು. ಅಲ್ಲಿ ಎದ್ದು ಮಾತಾಡುವುದು ಬೇಡ ಎಂದು ನಮಗೆ ಯಾರೂ ಅಂದಿರಲಿಲ್ಲ. ಮಾತಾಡಬಹುದು ಎಂದು ನಮಗೇ ಅನಿಸಿರಲಿಲ್ಲ, ಅಷ್ಟೇ.

2019ರ ಆಗಸ್ಟ್‌ನಲ್ಲಿ ನಮ್ಮ ತೋಡಿನ ಸಂಕ ಹೋಯಿತು. ತೋಡು ಎಂದರೆ ಹಳ್ಳ, ಸಂಕ ಎಂದರೆ ಅದನ್ನು ದಾಟುವ ಕಾಲುಸೇತುವೆ. ನಮ್ಮದು ಮೂರು ಅಡಿಕೆ ಮರ, ಹಿಡಿಯಲು ಒಂದು ಹಗ್ಗ. ಪ್ರತಿ ವರ್ಷ ಮಳೆಗೆ ಮೊದಲು ಗಂಡಸರು ಹೊಸ ಮರ ಹಾಕುತ್ತಿದ್ದರು. ಆ ಸಲ ರಾತ್ರಿ ಬೆಳಗಾಗುವುದರೊಳಗೆ ಮರಗಳೂ ಇಲ್ಲ, ಹಗ್ಗವೂ ಇಲ್ಲ. ಮಗಳು ಆಗ ಆರನೇ ಕ್ಲಾಸು. ನಮ್ಮ ಕಡೆಯ ಹನ್ನೊಂದು ಮಕ್ಕಳು ನೀರು ಇಳಿಯುವವರೆಗೆ ಗುಡ್ಡ ಸುತ್ತಿ ಶಾಲೆಗೆ ಹೋದರು. ಸಂಜೆ ಅವಳು ಬರುವವರೆಗೆ ನನ್ನ ಕೈಯಲ್ಲಿ ಬೀಡಿ ಓಡುತ್ತಿರಲಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತೆ. ಕೈ ಬೆವರುತ್ತಿತ್ತು. ಅರ್ಧ ತುಳು, ಅರ್ಧ ಕನ್ನಡದಲ್ಲಿ ಹೇಳಿದೆ: "ನಮಗೊಂದು ಸಂಕ ಬೇಕು. ಮರದ್ದಲ್ಲ, ಕಾಂಕ್ರೀಟಿನದ್ದು." ಬರೆದುಕೊಳ್ಳುತ್ತೇವೆ ಎಂದರು. ಖುಷಿಯಾಯಿತು. ಬರೆದುಕೊಂಡರೆ ಆಯಿತಲ್ಲ ಎಂದುಕೊಂಡೆ.

ಮತ್ತೊಂದು ಸಭೆ ಬಂತು. ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಅವಳು ಶಾಲೆಯಲ್ಲಿ ಮಲಯಾಳ ಕಲಿತಿದ್ದಳು. ಮೇಜಿನ ಮೇಲಿದ್ದ, ಸಭೆಯ ಮಾತು ಬರೆದಿಡುವ ಮಿನಿಟ್ಸ್ ಪುಸ್ತಕ ನೋಡಿ, "ಅಮ್ಮ, ಇದರಲ್ಲಿ ಸಂಕ ಎಂದು ಎಲ್ಲೂ ಇಲ್ಲ. ರಸ್ತೆ ಸರಿ ಮಾಡಬೇಕು ಎಂದು ಬರೆದಿದ್ದಾರೆ" ಎಂದಳು. ಗ್ರಾಮಸಭೆಯ ಮಿನಿಟ್ಸ್ ಬರೆಯಲು ಪಂಚಾಯತಿನಿಂದ ಒಬ್ಬ ಅಧಿಕಾರಿಯನ್ನು ನೇಮಿಸುತ್ತಾರೆ. ಆ ಸಲ ಬಂದವರು ತೆಂಕಣದ ಜಿಲ್ಲೆಯವರು. ಸಂಕ ಎಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ಮಲಯಾಳದಲ್ಲಿ ಅದು ಪಾಲಂ. ಅವರು ಬೇಕೆಂದು ಮಾಡಿದ್ದಲ್ಲ ಎಂದು ಇವತ್ತಿಗೂ ನಂಬುತ್ತೇನೆ. ಆದರೆ ಆ ಪುಟದ ಕೆಳಗೆ ನನ್ನ ಸಹಿಯೂ ಇತ್ತು. ಓದದೆ ಹಾಕಿದ ಸಹಿ. ಆ ರಾತ್ರಿ ನಿದ್ದೆ ಬರಲಿಲ್ಲ.

ನನಗೆ ಪಾಠ ಮಾಡಿದ್ದ ಮಾಷ್ಟ್ರು ನಿವೃತ್ತರಾಗಿ ಹತ್ತಿರದಲ್ಲೇ ಇದ್ದಾರೆ. ಅವರಲ್ಲಿಗೆ ಹೋದೆ. ಅವರು ಹೇಳಿದ ಎರಡು ವಿಷಯ ನನಗೆ ತುಂಬಾ ಉಪಯೋಗಕ್ಕೆ ಬಂದವು. ಒಂದು, ಸಂವಿಧಾನದ 350ನೇ ವಿಧಿ. ನಮ್ಮ ಕಷ್ಟವನ್ನು ಅಧಿಕಾರಿಗಳಿಗೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಬರೆದು ಕೊಡಬಹುದು. ಇನ್ನೊಂದು, ಕೇರಳದ 1969ರ ಅಧಿಕೃತ ಭಾಷೆಗಳ ಕಾನೂನು. ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದು ಎಲ್ಲರಿಗೂ ಗೊತ್ತು. ಅದರ ಬಗ್ಗೆ ನಮ್ಮಲ್ಲಿ ಮಾತು ಜಾಸ್ತಿ. ಈ ಕಾನೂನಿನ ಬಗ್ಗೆ ಮಾತ್ರ ನನ್ನ ಓರಗೆಯವರು ಯಾರೂ ಕೇಳಿಯೇ ಇರಲಿಲ್ಲ.

ಅರ್ಜಿಯನ್ನು ನಾನೇ ಬರೆದೆ, ಮಾಷ್ಟ್ರು ತಿದ್ದಿದರು. "ಪೀಠಿಕೆ ಬೇಡ, ಲೆಕ್ಕ ಬರಿ" ಎಂದರು. ಹಗ್ಗ ಹಿಡಿದು ತೋಡಿನ ಅಗಲ ಅಳೆದೆವು, ಏಳು ಮೀಟರ್. ಇಪ್ಪತ್ತಮೂರು ಮನೆ. ಹನ್ನೊಂದು ಮಕ್ಕಳು. ಡಯಾಲಿಸಿಸ್‌ಗೆ ಹೋಗುವ ಒಬ್ಬರು, ಅವರನ್ನು ಕುರ್ಚಿಯಲ್ಲಿ ಕೂರಿಸಿ ದಾಟಿಸುತ್ತಿದ್ದೆವು. ಇಷ್ಟೇ, ಒಂದು ಪುಟ. ಅದರಲ್ಲಿ ಬೇರೆ ಬೇಡಿಕೆ ಸೇರಿಸಲಿಲ್ಲ. ನೀರು, ದೀಪ, ರಸ್ತೆ ಎಲ್ಲ ಒಂದೇ ಕಾಗದದಲ್ಲಿ ಬರೆದರೆ ಒಂದೂ ಆಗುವುದಿಲ್ಲ ಎಂಬುದು ನನಗೆ ಈಗ ಖಚಿತ.

ಕಚೇರಿಯ ಕೌಂಟರಿನಲ್ಲಿ "ಮಲಯಾಳದಲ್ಲಿ ಬರೆದು ತನ್ನಿ" ಎಂದರು. ನಾನು ಕದಲಲಿಲ್ಲ. "ಸಾರ್, 1969ರ ಕಾನೂನು ಇದೆಯಂತೆ, ಒಮ್ಮೆ ಕೇಳಿ ನೋಡಿ" ಎಂದೆ. ಜೋರು ಮಾಡಲಿಲ್ಲ. ಅವರು ಒಳಗೆ ಹೋಗಿ ಬಂದರು, ಅರ್ಜಿ ತೆಗೆದುಕೊಂಡರು, ರಶೀದಿ ಕೊಟ್ಟರು. ಆ ರಶೀದಿಯಿಂದ ಶುರುವಾದ ನನ್ನ ಪ್ಲಾಸ್ಟಿಕ್ ಚೀಲ ಈಗ ಎರಡು ಕಿಲೋ ತೂಗಬಹುದು.

2020 ಕೊರೊನಾದಲ್ಲಿ ಹೋಯಿತು. ಆ ಡಿಸೆಂಬರ್‌ನಲ್ಲಿ ಚುನಾವಣೆ ಆಗಿ ಹೊಸ ಮೆಂಬರ್ ಬಂದರು. ಹೊಸಬರಿಗೆ ಮೊದಲಿನಿಂದ ಹೇಳಬೇಕಾಯಿತು, ಆದರೆ ಚೀಲ ಇತ್ತಲ್ಲ, ಬಿಚ್ಚಿ ತೋರಿಸಿದೆ.

ಇನ್ನು ಕೋರಂ, ಅಂದರೆ ಸಭೆಗೆ ಬೇಕಾದಷ್ಟು ಜನ ಸೇರುವ ವಿಷಯ. ಕೇರಳದಲ್ಲಿ ಗ್ರಾಮಸಭೆ ಮೂರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು, ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಜನ ಇರಬೇಕು. ನಮ್ಮಲ್ಲಿ ಸುಮಾರು 1,200 ಮತದಾರರು, ಅಂದರೆ 120 ಜನ. ಕೂಲಿಯವರಿಗೆ ಸಭೆ ಎಂದರೆ ಕೂಲಿ ಹೋಗುವುದು. ಅರ್ಧ ದಿನ ಹೋದರೆ ನನಗೆ ಐದುನೂರು ಬೀಡಿ ಕಡಿಮೆ, ಆ ವಾರದ ಲೆಕ್ಕದಲ್ಲಿ ಅದು ಕಾಣುತ್ತದೆ. ಅದಕ್ಕೆ ಸಭೆ ಭಾನುವಾರ ಮಧ್ಯಾಹ್ನದ ಮೇಲೆ ಇಡಿ ಎಂದು ಮೊದಲೇ ಬರೆದು ಕೊಟ್ಟೆವು. ನಮ್ಮ ಕುಟುಂಬಶ್ರೀ ಕೂಟಗಳು ವಾರವಾರ ಸೇರುತ್ತವೆ. ಯಾರು ಏನು ಹೇಳಬೇಕು ಅಂತ ಬೀಡಿ ಕಟ್ಟುತ್ತಲೇ ಅಲ್ಲಿ ಮಾತಾಡಿ ಇಟ್ಟೆವು. ಆ ಸಲ ಸಂಕದ ಮಾತು ನಾನೊಬ್ಬಳೇ ಎತ್ತಲಿಲ್ಲ. ಒಬ್ಬರಾದ ಮೇಲೆ ಒಬ್ಬರು, ಒಂಬತ್ತು ಜನ ಎದ್ದರು. ಇಬ್ಬರು ಮಲಯಾಳದಲ್ಲಿ ಹೇಳಿದರು, ಬೇಕೆಂದೇ. ಕೊನೆಗೆ ನಾನು ಕೇಳಿದೆ: "ಬರೆದದ್ದನ್ನು ಒಮ್ಮೆ ಓದಿ ಹೇಳಿ, ಆಮೇಲೆ ಸಹಿ ಹಾಕುತ್ತೇವೆ." ಓದಿದರು. ಪಾಲಂ ಎಂಬ ಪದ ಕಿವಿಗೆ ಬಿತ್ತು.

ಅಷ್ಟಾದರೂ ಸಂಕ ಬರಲಿಲ್ಲ. ತೋಡಿನ ಎರಡೂ ದಡ ಖಾಸಗಿ ತೋಟ. ದಾರಿಯ ಜಾಗವನ್ನು ಮಾಲೀಕರು ಬರೆದು ಕೊಟ್ಟು, ಅದು ಪಂಚಾಯತಿನ ಆಸ್ತಿ ರಿಜಿಸ್ಟರಿಗೆ ಸೇರದೆ ಅಲ್ಲಿ ಹಣ ಹಾಕಲು ಆಗುವುದಿಲ್ಲ. ಇದನ್ನು ಯಾರೂ ಮೊದಲೇ ಹೇಳಲಿಲ್ಲ. ಗೊತ್ತಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ನೀವು ಸಂಕಕ್ಕೋ ದಾರಿಗೋ ಓಡಾಡುತ್ತಿದ್ದರೆ ಮೊದಲು ಕೇಳಬೇಕಾದ್ದು ಇದೇ: ಜಾಗ ರಿಜಿಸ್ಟರಿನಲ್ಲಿ ಇದೆಯಾ?

ಆಚೆ ದಡದವರು ಕೂಡಲೇ ಒಪ್ಪಿದರು. ಈಚೆಯವರು ಒಪ್ಪಲಿಲ್ಲ. ಅವರ ತೋಟದಲ್ಲಿ ನನ್ನ ಅಮ್ಮ ಅಡಿಕೆ ಹೆಕ್ಕುತ್ತಿದ್ದರು, ಅವರ ಅಂಗಳದಲ್ಲಿ ನಾನು ಆಡಿ ಬೆಳೆದವಳು. ಎದುರು ನಿಂತು ಜಾಗ ಕೇಳುವುದು ಸುಲಭವಿರಲಿಲ್ಲ. ಮೂರು ಸಲ ಹೋದೆ. ಮೊದಲ ಸಲ ನೀರು ಬೆಲ್ಲ ಕೊಟ್ಟು ಕಳಿಸಿದರು. ಎರಡನೇ ಸಲ ನಿಜವಾದ ಮಾತು ಬಂತು. "ನೋಡು ಮಾರಾಯ್ತಿ, ಇವತ್ತು ಸಂಕ ಅಂತೀರಿ. ನಾಳೆ ಅದರ ಮೇಲೆ ಪಿಕಪ್ ಬರುತ್ತದೆ. ನನ್ನ ಎರಡು ಸಾಲು ಅಡಿಕೆ ಹೋಗುತ್ತದೆ." ಅವರ ಹೆದರಿಕೆ ಸುಳ್ಳಲ್ಲ. ಎಷ್ಟೋ ಕಡೆ ಹಾಗೆ ಆಗಿದೆ. ಮನೆಗೆ ಬಂದು ನಮ್ಮ ಇಪ್ಪತ್ತಮೂರು ಮನೆಯವರನ್ನು ಸೇರಿಸಿದೆ. ಕೆಲವು ಹುಡುಗರಿಗೆ ರಿಕ್ಷಾ ಬರುವ ಸೇತುವೆಯೇ ಬೇಕಿತ್ತು, ಜೋರು ಚರ್ಚೆಯಾಯಿತು. ಕಡೆಗೆ ನಡೆದು ಹೋಗುವ ಸಂಕ ಸಾಕು, ಅಗಲ ಒಂದೂವರೆ ಮೀಟರ್ ಎಂದು ತೀರ್ಮಾನಿಸಿ, ಎಲ್ಲರೂ ಸಹಿ ಹಾಕಿ, ಅದನ್ನು ಹಿಡಿದು ಮೂರನೇ ಸಲ ಹೋದೆ. ಅವರು ಕನ್ನಡಕ ಹಾಕಿ ಎರಡು ಸಲ ಓದಿದರು. "ನಿನ್ನ ಅಮ್ಮ ಇದ್ದಿದ್ದರೆ ಖುಷಿ ಪಡುತ್ತಿದ್ದಳು" ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ನನಗೆ ಅಲ್ಲಿಯೇ ಅಳು ಬಂತು.

ಆಮೇಲಿನದ್ದು ಬೇಗ ಆಯಿತು. ಗ್ರಾಮಸಭೆಯ ಪಟ್ಟಿ, ಯೋಜನೆ ತಯಾರಿಸುವ ವರ್ಕಿಂಗ್ ಗ್ರೂಪ್, ಜಿಲ್ಲಾ ಯೋಜನಾ ಸಮಿತಿಯ ಒಪ್ಪಿಗೆ. 2023ರ ಬೇಸಿಗೆಯಲ್ಲಿ ಕೆಲಸ ಶುರುವಾಯಿತು. ಆಗ ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಮಾಹಿತಿ ಹಕ್ಕಿನಲ್ಲಿ ಎಸ್ಟಿಮೇಟಿನ ಪ್ರತಿ ಕೇಳಿದೆ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂದು 2005ರ ಕಾನೂನು ಹೇಳುತ್ತದೆ, ಬಂತು. ಅದರಲ್ಲಿ ಎರಡೂ ಬದಿ ರೈಲಿಂಗ್ ಎಂದಿತ್ತು, ಹಾಕಿದ್ದು ಒಂದೇ ಬದಿ. ಕೆಲಸ ನೋಡುವ ಸಮಿತಿಯಲ್ಲಿ ನಾನೂ ಇದ್ದೆ. ಪ್ರತಿ ತೋರಿಸಿದೆವು. ಒಂದು ವಾರದಲ್ಲಿ ಇನ್ನೊಂದು ಬದಿಯೂ ಬಂತು.

ಮಗಳು ಈಗ ಕಾಲೇಜಿಗೆ ಅದರ ಮೇಲೆಯೇ ಹೋಗುತ್ತಾಳೆ. ಸಂಜೆ ಬರುವಾಗ ಅಲ್ಲಿ ಕತ್ತಲು. ಕಳೆದ ಗ್ರಾಮಸಭೆಯಲ್ಲಿ ಒಂದು ಬೀದಿದೀಪ ಕೇಳಿದೆ. ಮಿನಿಟ್ಸ್ ಬರೆಯುವ ಅಧಿಕಾರಿ ಮೊದಲಿನವರೇ. ಪೆನ್ನು ನಿಲ್ಲಿಸಿ, "ಅಕ್ಕ, ಸಂಕದ ಯಾವ ಕಡೆ?" ಎಂದು ಕೇಳಿದರು. ಈಚೆ ಕಡೆ ಎಂದೆ. ಬರೆದರು. ನಾನು ಕೇಳುವ ಮೊದಲೇ ಗಟ್ಟಿಯಾಗಿ ಓದಿ ಹೇಳಿದರು. ಆಮೇಲೆ ಸಹಿ ಹಾಕಿದೆ.