ಮೊದಲ ಏರ್ ರೈಫಲ್ ಕೊಳ್ಳುವವರಿಗೆ

ಮನೆಯಲ್ಲಿ ಖಾಲಿ ತೋಟಾಗಳಿಗೆ ಮದ್ದುಗುಂಡು ತುಂಬುವ ಸಲಕರಣೆ ಕಲಬುರಗಿಯಲ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳಿದ ತಮ್ಮಂದಿರೇ, ದಯವಿಟ್ಟು ಆ ಯೋಚನೆ ಬಿಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಗುರಿ ಕಲಿಯುವ ಆಸೆ ನಿಜವಾಗಿದ್ದರೆ 4.5 ಮಿ.ಮೀ. ನಳಿಗೆ ರಂಧ್ರದ ಏರ್ ರೈಫಲ್ ಸಾಕು. ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆಗೂ ಇದೇ ಅಳತೆ. ಪರವಾನಗಿಯ ಗೋಜು ಬೇಡವೆಂದರೆ ಶಕ್ತಿ 20 ಜೌಲ್ ಮೀರದಂತೆ ನೋಡಿ, ಬಿಲ್ ಜೋಪಾನವಾಗಿಡಿ.

ಆರಂಭಕ್ಕೆ ಸ್ಪ್ರಿಂಗ್ ರೈಫಲ್ ಒಳ್ಳೆಯದು. ಗಾಳಿ ತುಂಬುವ ಸಿಲಿಂಡರ್, ಪಂಪಿನ ಖರ್ಚಿಲ್ಲ. ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ಇಲ್ಲದೆ ಮಾತ್ರ ಟ್ರಿಗರ್ ಎಳೆಯಬೇಡಿ, ಒಳಗಿನ ಪಿಸ್ಟನ್ ಸೀಲ್ ಹಾಳಾಗುತ್ತದೆ. ಪೆಲೆಟ್ ಚಪ್ಪಟೆ ತಲೆಯದ್ದೇ ಇರಲಿ. ಕಾಗದದಲ್ಲಿ ದುಂಡನೆಯ ರಂಧ್ರ ಬೀಳುವುದರಿಂದ ಅಂಕ ಸ್ಪಷ್ಟವಾಗಿ ತಿಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯ, ಗುರಿಯ ಹಿಂದೆ ಏನಿದೆ ಎಂಬುದು. ನಮ್ಮ ಕಡೆ ಎಲ್ಲೆಲ್ಲೂ ಶಹಾಬಾದ್ ಕಲ್ಲಿನ ಗೋಡೆ. ಅದಕ್ಕೆ ಬಡಿದ ಪೆಲೆಟ್ ತಿರುಗಿ ಕಣ್ಣಿಗೇ ಬರಬಹುದು. ದಪ್ಪ ಹಲಗೆಯ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ ಒತ್ತಿ ತುಂಬಿ ಗೋಡೆಯ ಮುಂದೆ, ಗುರಿಯ ಹಿಂದೆ ಇಡಿ, ರಕ್ಷಣಾ ಕನ್ನಡಕ ಧರಿಸಿ. ಪೆಲೆಟ್ ಸೀಸದ್ದು, ಮಕ್ಕಳ ಕೈಗೆ ಸಿಗಬಾರದು. ಅಭ್ಯಾಸ ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆದೇ ಊಟಕ್ಕೆ ಕೂರಿ.