ಕಬ್ಬಿನ ಟ್ರೇಲರ್ ಎಳೆಯುವ ಮುನ್ನ

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ, ಅಥಣಿ ಕಡೆಯ ರಸ್ತೆಗಳಲ್ಲಿ ಒಂದೇ ಟ್ರ್ಯಾಕ್ಟರ್ ಎರಡೆರಡು ಟ್ರೇಲರ್ ಎಳೆದುಕೊಂಡು ತೇಕುತ್ತಾ ಹೋಗುವುದು ದಿನನಿತ್ಯದ ನೋಟ. ಎಳೆಯುವ ತಾಕತ್ತು ಎಂಜಿನ್ನಿಗೆ ಇದ್ದೇ ಇರುತ್ತದೆ. ಅಷ್ಟು ಭಾರವನ್ನು ನಿಲ್ಲಿಸುವುದು ಹೇಗೆಂದು ಹೊರಡುವ ಮೊದಲು ಯೋಚಿಸುವವರು ಕಡಿಮೆ. ಎಷ್ಟೋ ಟ್ರೇಲರ್‌ಗಳಿಗೆ ಸ್ವಂತ ಬ್ರೇಕೇ ಇಲ್ಲ. ಹಿಂದಿನ ಹೊರೆಯನ್ನೆಲ್ಲ ಟ್ರ್ಯಾಕ್ಟರಿನ ಎರಡು ಹಿಂದಿನ ಗಾಲಿಗಳೇ ತಡೆಯಬೇಕು.

ಮೊದಲು ಹೇರು. ಎರಡು ಗಾಲಿಯ ಟ್ರೇಲರ್ ಆದರೆ ಭಾರ ಅಚ್ಚಿಗಿಂತ ತುಸು ಮುಂದಕ್ಕೆ ಬೀಳಲಿ. ಹಿಂಭಾರವಾದರೆ ಟ್ರೇಲರಿನ ಮೂತಿ, ಅಂದರೆ ಟ್ರ್ಯಾಕ್ಟರಿಗೆ ಸಿಕ್ಕಿಸುವ ಮುಂತುದಿ, ಮೇಲೆದ್ದು ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಹಿಡಿತ ತಪ್ಪುತ್ತದೆ. ಮುಂದಕ್ಕೆ ತೀರಾ ಹೆಚ್ಚಾದರೆ ಮುಂದಿನ ಗಾಲಿಗಳು ಹಗುರಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ.

ಆಮೇಲೆ ಕೊಂಡಿ. ಟ್ರೇಲರಿನ ಗಾಲಿಗೆ ಕಲ್ಲು ಕೊಡಿ. ಟ್ರ್ಯಾಕ್ಟರ್ ಹಿಂದಕ್ಕೆ ಬರುವಾಗ ಕೊಂಡಿಯ ತೂತುಗಳಿಗೆ ತೂರಿಸುವ ಪಿನ್ ಹಿಡಿದುಕೊಂಡು ನಡುವೆ ನಿಲ್ಲುವ ಹುಡುಗನನ್ನು ಮೊದಲು ಪಕ್ಕಕ್ಕೆ ಕಳಿಸಿ. ಗಾಡಿ ನಿಂತು, ನ್ಯೂಟ್ರಲ್‌ಗೆ ಬಂದು, ಹ್ಯಾಂಡ್ ಬ್ರೇಕ್ ಬಿದ್ದ ಮೇಲೆಯೇ ಅವನು ಒಳಗೆ ಬರಬೇಕು. ತೂತು ಕೂಡಿತೇ ಎಂದು ಬೆರಳು ಹಾಕಿ ನೋಡುವುದಂತೂ ಬೇಡವೇ ಬೇಡ. ಪಿನ್ ತೂತಿನ ಅಳತೆಗೆ ಸರಿಯಾಗಿರಬೇಕು, ಕೆಳಗೆ ಲಾಕ್ ಇರಬೇಕು. ಸರಳಿನ ತುಂಡು ತೂರಿಸಿ ಮೊಳೆ ಬಗ್ಗಿಸಿ ಹೊರಡುವವರಿದ್ದಾರೆ; ರಸ್ತೆಯ ಗುಂಡಿಯಲ್ಲಿ ಒಮ್ಮೆ ಕುಲುಕಿದರೆ ಅದು ಮೇಲಕ್ಕೆ ಹಾರುತ್ತದೆ. ಸಂತೆಯ ಅಗ್ಗದ ಪಿನ್ ಕೂಡ ನನಗೆ ಆಗದು, ಬೇಗ ಬಾಗುತ್ತದೆ. ಜೊತೆಗೆ ಎರಡು ಸರಪಳಿಗಳನ್ನು ಮೂತಿಯ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯಿಸಿ ಬಿಗಿಯಿರಿ, ತಿರುವಿಗೆ ಬೇಕಾದಷ್ಟು ಮಾತ್ರ ಸಡಿಲ ಬಿಡಿ. ಪಿನ್ ಕಳಚಿದರೂ ಮೂತಿ ನೆಲಕ್ಕೆ ಚುಚ್ಚಿಕೊಳ್ಳದೆ ಸರಪಳಿಯ ತೊಟ್ಟಿಲಲ್ಲಿ ಕೂರುತ್ತದೆ. ಭಾರವನ್ನು ಯಾವತ್ತೂ ಕೆಳಗಿನ ಕೊಂಡಿಯಿಂದಲೇ ಎಳೆಯಿರಿ. ನೇಗಿಲಿನಂಥ ಸಲಕರಣೆಯನ್ನು ಮೇಲಿನಿಂದ ಹಿಡಿಯುವ ತೋಳಿಗೆ, ಅಂದರೆ ಟಾಪ್ ಲಿಂಕಿಗೆ, ಕಟ್ಟಿ ಜಗ್ಗಿದರೆ ಟ್ರ್ಯಾಕ್ಟರ್ ಮುಂಗಾಲೆತ್ತಿ ಚಾಲಕನ ಮೇಲೆಯೇ ಮಗುಚಬಹುದು.

ಈಗ ಎಲ್ಲರೂ ಎಡವುವ ಜಾಗ. ಟ್ರ್ಯಾಕ್ಟರಿನಲ್ಲಿ ಬ್ರೇಕ್ ಪೆಡಲ್ ಎರಡಿರುತ್ತವೆ: ಎಡಬದಿಯ ಹಿಂದಿನ ಚಕ್ರಕ್ಕೊಂದು, ಬಲಬದಿಯ ಹಿಂದಿನ ಚಕ್ರಕ್ಕೊಂದು. ಹೊಲದ ಬದುವಿನಲ್ಲಿ ಗಿರಕ್ಕನೆ ತಿರುಗಿಸಲು ಅವನ್ನು ಬಿಡಿಬಿಡಿಯಾಗಿ ತುಳಿಯುತ್ತೇವೆ. ರಸ್ತೆಗೆ ಬರುವ ಮೊದಲು ಎರಡನ್ನೂ ಸೇರಿಸುವ ಪುಟ್ಟ ಕಬ್ಬಿಣದ ಪಟ್ಟಿಯನ್ನು ಹಾಕಲೇಬೇಕು. ಮರೆತರೆ ಒಂದೇ ಗಾಲಿ ಹಿಡಿದು, ಟ್ರ್ಯಾಕ್ಟರ್ ಅಡ್ಡ ತಿರುಗಿ, ಹಿಂದಿನ ಹೊರೆ ಅದನ್ನು ಮಡಚಿ ಹಾಕುತ್ತದೆ. ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಈ ಪಟ್ಟಿ ಮುರಿದು ವರ್ಷಗಳೇ ಕಳೆದಿರುತ್ತವೆ. ಮ್ಯೂಸಿಕ್ ಸಿಸ್ಟಮ್ ಮಾತ್ರ ಹೊಚ್ಚ ಹೊಸದು!

ಇಳಿಜಾರಿನ ನೆತ್ತಿಯಲ್ಲೇ ಗೇರ್ ಇಳಿಸಿ. ಇಳಿಯಲು ಶುರುವಾದ ಮೇಲೆ ಕ್ಲಚ್ ಒತ್ತಿ ಗೇರ್ ಹುಡುಕಿದರೆ ಆ ಹೊತ್ತಿಗೆ ಹೊರೆ ತಳ್ಳತೊಡಗಿರುತ್ತದೆ. ಗೇರ್ ಬೀಳುವುದೂ ಇಲ್ಲ. ಅದೇ ಹೇರಿನಲ್ಲಿ ಆ ದಿಬ್ಬ ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಇರಲಿ, ಎಂಜಿನ್ನೇ ಹಿಡಿದುಕೊಳ್ಳಲಿ. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಬಿಡುವವರಿಗೆ ಸ್ಟಿಯರಿಂಗ್ ಕೊಡಲೇಬಾರದು. ಬ್ರೇಕನ್ನು ತಡೆತಡೆದು ಒತ್ತಿ. ತಿರುವಿನಲ್ಲಿ ಒತ್ತಬೇಡಿ, ವೇಗ ಅದಕ್ಕೂ ಮೊದಲೇ ಇಳಿದಿರಲಿ.

ಎರಡು ಗಾಲಿಯ ಟ್ರೇಲರನ್ನು ಹಿಂದಕ್ಕೆ ತೆಗೆಯುವಾಗ ಸ್ಟಿಯರಿಂಗಿನ ಅಡಿಭಾಗವನ್ನು ಹಿಡಿಯಿರಿ: ಕೈ ಯಾವ ಕಡೆಗೆ ಸರಿಯುತ್ತದೋ ಟ್ರೇಲರಿನ ಹಿಂಭಾಗ ಆ ಕಡೆಗೆ ಹೋಗುತ್ತದೆ. ಎರಡು ಟ್ರೇಲರ್ ಇದ್ದರೆ ಹಿಂದಿನದನ್ನು ಕಳಚಿಡಿ.

ಹೊರಗೆ ಚಾಚಿದ ಕಬ್ಬಿನ ಸೋಗೆ ಹಿಂದಿನ ದೀಪವನ್ನು ಮುಚ್ಚಿಬಿಡುತ್ತದೆ. ಕೆಂಪು ರಿಫ್ಲೆಕ್ಟರ್ ಪಟ್ಟಿಯನ್ನು ಎರಡೂ ಅಂಚಿಗೆ, ಸೋಗೆ ತಾಗದಷ್ಟು ಕೆಳಗೆ ಅಂಟಿಸಿ, ಕೆಸರು ಮೆತ್ತಿದಾಗಲೆಲ್ಲ ಒರೆಸಿ. ರಾತ್ರಿ ಟೈರ್ ಒಡೆದು ನಿಂತರೆ ತ್ರಿಕೋನ ಫಲಕವನ್ನು ಸಾಕಷ್ಟು ಹಿಂದೆ ಇಡಿ. ಗಾಲಿಗೆ ಕೊಟ್ಟ ಕಲ್ಲುಗಳನ್ನು ಹೊರಡುವಾಗ ರಸ್ತೆಯಲ್ಲೇ ಬಿಡದೆ ಟ್ರೇಲರಿಗೆ ಹಾಕಿಕೊಳ್ಳಿ, ಹಿಂದೆ ಬೈಕಿನವರು ಬರುತ್ತಿರುತ್ತಾರೆ.